ಮಗಳೇ, ಕೆಲಸ ಬಿಟ್ಟು ಬರಬೇಡ

ಗಂಗಾವತಿ

ಪ್ರೀತಿಯ ಮಗಳೇ,

ನನ್ನ ಕಾಯಿಲೆಯ ಸುದ್ದಿ ಕೇಳಿ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದುಬಿಡ್ತೀನಿ ಅಂತ ನೀನು ಫೋನಿನಲ್ಲಿ ಅಂದಾಗಿನಿಂದ ನಿಮ್ಮವ್ವ ಸರಿಯಾಗಿ ಉಂಡಿಲ್ಲ. ಅದಕ್ಕೇ ನನ್ನ ರಕ್ತದ ಟೆಸ್ಟಿನ ರಿಪೋರ್ಟ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ನನಗಿರುವುದು ಎಂಜಿಯುಎಸ್ (MGUS) ಅನ್ನುವ ತೊಂದರೆ. ಕ್ಯಾನ್ಸರ್ ಅಲ್ಲ ತಾಯಿ. ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನ್ ತಯಾರಿಸುವುದು ಅವುಗಳ ಕೆಲಸ. ನನ್ನಲ್ಲಿ ಒಂದು ಕಣದ ಸಂತತಿ ಜಾಸ್ತಿಯಾಗಿ ಒಂದೇ ನಮೂನೆಯ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತಿದೆ. ನಾನು ಕಳಿಸಿದ ರಿಪೋರ್ಟಿನ ಫೋಟೋದಲ್ಲಿ ರಕ್ತದ ಪ್ರೋಟೀನುಗಳನ್ನು ತೋರಿಸುವ ಗೆರೆ ನೋಡು. ಎಡಕ್ಕಿರುವ ದೊಡ್ಡ ಏರು ಆಲ್ಬುಮಿನ್ ಅನ್ನುವ ಪ್ರೋಟೀನ್, ಅದು ಎಲ್ಲರಿಗೂ ಇರುತ್ತದೆ. ಬಲತುದಿಯಲ್ಲಿ ತಗ್ಗಾಗಿ, ಅಗಲವಾಗಿ ಇರಬೇಕಾದ ಕಡೆ ಸಣ್ಣದೊಂದು ಚೂಪು ಎದ್ದಿದೆ. ನಮ್ಮ ಭತ್ತದ ಗದ್ದೆಯಲ್ಲಿ ಬೆರಕೆ ತೆನೆ ತಲೆ ಎತ್ತಿ ನಿಲ್ಲುತ್ತದಲ್ಲ, ಹಾಗೆ. ಅದೇ ಎಂ ಪ್ರೋಟೀನ್.

ಇದಕ್ಕೆ ಈ ಹೆಸರಿಟ್ಟವರು ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರ್ ರಾಬರ್ಟ್ ಕೈಲ್, 1978ರಲ್ಲಿ. ಅಲ್ಲಿ ಎಣಿಸಿ ನೋಡಿದಾಗ 50 ದಾಟಿದ ನೂರು ಜನರಲ್ಲಿ ಸುಮಾರು ಮೂವರಿಗೆ ಇದು ಕಂಡಿತು. ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ.

ಮುಂದೇನು ಅಂತ ತಾನೇ ನಿನ್ನ ಚಿಂತೆ? ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಇದು ಮೈಲೋಮಾ (ಪ್ಲಾಸ್ಮಾ ಕಣಗಳ ಕ್ಯಾನ್ಸರ್) ಅಥವಾ ಅಂಥದೇ ಕಾಯಿಲೆಯಾಗಿ ತಿರುಗುತ್ತದೆ. ಎಷ್ಟು ವರ್ಷ ಕಳೆದರೂ ಆ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ನಿನ್ನಿಂದ ಮುಚ್ಚಿಡಲ್ಲ. ಆದರೆ ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ನನ್ನ ಎಂ ಪ್ರೋಟೀನ್ ಡೆಸಿಲೀಟರ್ ರಕ್ತದ್ರವಕ್ಕೆ 0.8 ಗ್ರಾಂ, 1.5ಕ್ಕಿಂತ ಕಡಿಮೆ. ಐಜಿಜಿ ಎಂಬ ಸಾಮಾನ್ಯ ಜಾತಿಯದು. ಲೈಟ್ ಚೈನ್, ಅಂದರೆ ಈ ಪ್ರೋಟೀನುಗಳ ಚಿಕ್ಕ ತುಣುಕುಗಳ ಎರಡು ಬಗೆಯ ಅನುಪಾತವೂ ನಾರ್ಮಲ್. ಈ ಮೂರೂ ಸರಿ ಇದ್ದವರಲ್ಲಿ 20 ವರ್ಷಗಳ ಅವಧಿಯಲ್ಲಿ ನೂರರಲ್ಲಿ ಐವರಿಗಷ್ಟೇ ಹಾಗಾಗುತ್ತದೆ. ಮೂರೂ ಕೆಟ್ಟಿದ್ದರೆ 58 ಜನಕ್ಕೆ. ನೀನು ಮೊಬೈಲಿನಲ್ಲಿ ಓದಿ ಹೆದರಿದ್ದು ಆ ಲೆಕ್ಕಕ್ಕೆ.

ಸದ್ಯಕ್ಕೆ ಔಷಧಿ ಏನೂ ಬೇಡ, ಆರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಿ ಅಂದಿದ್ದಾರೆ ಬಳ್ಳಾರಿಯ ಡಾಕ್ಟರು. ಪ್ರೋಟೀನ್ ಇದ್ದಷ್ಟೇ ಇದ್ದರೆ ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸಾಕಂತೆ. ಆ ಟೆಸ್ಟ್ ಮಾತ್ರ ತಪ್ಪಿಸಬಾರದು. ಬೆನ್ನು, ಪಕ್ಕೆಲುಬು ಬಿಡದೆ ನೋಯುವುದು, ಕಾರಣವಿಲ್ಲದ ಸುಸ್ತು, ತೂಕ ಇಳಿಯುವುದು, ಮೇಲಿಂದ ಮೇಲೆ ಜ್ವರ: ಇವು ಕಂಡರೆ ಟೆಸ್ಟಿನ ದಿನಕ್ಕೂ ಕಾಯಬಾರದು. ನಿಮ್ಮವ್ವ ಕ್ಯಾಲೆಂಡರಿನ ಹಿಂದೆ ಎಲ್ಲ ಬರೆದು ಗೋಡೆಗೆ ನೇತು ಹಾಕಿದ್ದಾಳೆ.

ಸುಮ್ನೆ ರಾಜೀನಾಮೆ ಕೊಡಬೇಡ. ಟೆಸ್ಟ್ ಇರುವುದು ಜನವರಿಯಲ್ಲಿ. ಬರುವುದಾದರೆ ಆಗ ರಜೆ ಹಾಕಿ ಬಾ, ಒಟ್ಟಿಗೆ ಬಳ್ಳಾರಿಗೆ ಹೋಗೋಣ. ಕೇಳಬೇಕಾದ್ದನ್ನೆಲ್ಲ ಡಾಕ್ಟರನ್ನು ನೀನೇ ಕೇಳು.

ನಿನ್ನ ಅಪ್ಪ