ಕೈ ಚಾಚಿದ್ದು ಪೇತ್ರನಲ್ಲ

ಕಳೆದ ಭಾನುವಾರ ಚರ್ಚಿನ ಆರಾಧನೆಯ ಕೊನೆಗೆ ಸಭಾಪಾಲಕರು ನನ್ನನ್ನು ಸಾಕ್ಷಿ ಹೇಳಲು, ಅಂದರೆ ದೇವರು ನಡೆಸಿದ್ದನ್ನು ಎಲ್ಲರ ಮುಂದೆ ಹೇಳಲು, ಕರೆದರು. ನನ್ನ ತಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದ. ಯಾರ ಹೆಗಲನ್ನೂ ಹಿಡಿಯದೆ ಅವನು ಅಷ್ಟು ದೂರ ನಡೆದು ಬಂದದ್ದು ಅದೇ ಮೊದಲು. ಅವನ ಮುಖ ನೋಡಿದ ಮೇಲೆ ‘ದೇವರಿಗೆ ಸ್ತೋತ್ರ’ ಎನ್ನುವುದರ ಆಚೆಗೆ ನನಗೆ ಸ್ವರ ಹೊರಡಲಿಲ್ಲ. ಅಲ್ಲಿ ಗಂಟಲಲ್ಲೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಟಿ ತಿಂಗಳ ಮಳೆಯಲ್ಲಿ, ತಮ್ಮನ ಜೀವ ಉಳಿಯುತ್ತದೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಕಳೆದ ಆ 31 ದಿನಗಳ ಕಥೆ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ.

ರಕ್ತ ಕೊಡಲು ಬೆಳಿಗ್ಗೆ ಆರಕ್ಕೇ ಸಾಲು ನಿಂತ ಯೌವನಸ್ಥರ ಸಂಘದ ಹುಡುಗರಿಗೆ, ದಿನ ಬಿಟ್ಟು ದಿನ ಗಂಜಿ ಚಟ್ನಿ ಕಳಿಸಿದ ನೆರೆಮನೆಯ ಬ್ಯಾರಿ ಮುಸ್ಲಿಂ ಕುಟುಂಬಕ್ಕೆ, ಅಮ್ಮನನ್ನು ಒಬ್ಬಳೇ ಇರಲು ಬಿಡದ ಚಿಕ್ಕಮ್ಮಂದಿರಿಗೆ, ಹೆಸರು ಕೇಳಿಕೊಳ್ಳಲೂ ನನಗೆ ಪುರುಸೊತ್ತಿಲ್ಲದೆ ಹೋದ ನರ್ಸುಗಳಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಟೀಚರ್. ನನಗೂ ತಮ್ಮನಿಗೂ ಸಂಡೇಸ್ಕೂಲಿನಲ್ಲಿ ಕಲಿಸಿದವರು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಸಭೆಯವರಿಗೆ ಹೇಳುವ ಅಗತ್ಯವೂ ಇಲ್ಲ.

ಒಂಬತ್ತನೆಯ ರಾತ್ರಿ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಬೆಳಗಾಗುವವರೆಗೆ ಏನೂ ಹೇಳಲಾಗದು ಎಂದಿದ್ದರು. ಅದೇ ಸಂಜೆ ನೋಡಲು ಬಂದವರೊಬ್ಬರು, ಮನೆಯವರ ನಂಬಿಕೆ ಗಟ್ಟಿಯಿದ್ದಿದ್ದರೆ ಇಷ್ಟು ದಿನ ಎಳೆಯುತ್ತಿರಲಿಲ್ಲ ಎಂದು ಹೇಳಿ ಹೋಗಿದ್ದರು. ಅವರು ಯಾರೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಆ ಒಂದು ಮಾತು ನನ್ನನ್ನು ಒಳಗಿಂದ ಕೊರೆಯಿತು. ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ನನ್ನ ಪ್ರಾರ್ಥನೆಗಳ ಲೆಕ್ಕ ಹಾಕುತ್ತಿದ್ದೆ. ಎಲ್ಲಿ ಕಡಿಮೆಯಾಯಿತು? ಯಾವ ದಿನ ಮನಸ್ಸಿಲ್ಲದೆ ಬೇಡಿದೆ? ನನ್ನ ನಂಬಿಕೆ ಸಾಲದೆ ಅವನು ಸಾಯುತ್ತಿದ್ದಾನಾ?

ನಮ್ಮದು ಮಿಷನ್ ಕಾಲದಿಂದ ಬಂದ ಮನೆತನ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, ಅವರ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಜ್ಜನ ಅಪ್ಪ ಆ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದವರು. ನಂಬಿಕೆಯೆಂಬುದು ನನಗೆ ಮನೆಯ ಹೆಂಚಿನ ಹಾಗೆಯೇ ಇತ್ತು. ಹಿರಿಯರು ಹೊದೆಸಿ ಹೋದದ್ದು. ಎಲ್ಲಿ ಒಡೆದಿದೆ ಎಂದು ಏಣಿ ಹತ್ತಿ ನೋಡಿದವಳಲ್ಲ ನಾನು. ಆ ರಾತ್ರಿ ಸೋರಿತು.

ಹತ್ತೂವರೆಗೆ ಟೀಚರ್ ಬಂದರು. 74ರ ಹೆಂಗಸು, ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಫ್ಲಾಸ್ಕು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕ. ಮೊದಲು ಕೇಳಿದ್ದು, “ಒಣಸ್ ಆಂಡಾ?” ಊಟ ಆಗಿರಲಿಲ್ಲ. ಮಧ್ಯಾಹ್ನದ್ದೂ. ಫ್ಲಾಸ್ಕಿನ ಗಂಜಿ ಲೋಟಕ್ಕೆ ಸುರಿದು ಕೊಟ್ಟು, ಮುಗಿಸುವವರೆಗೆ ಮಾತಾಡಲಿಲ್ಲ.

ಆಮೇಲೆ ನಾನೇ ಹೇಳಿದೆ. “ಟೀಚರ್, ಇವನು ಹೋದರೆ ನಾನು ಇನ್ನು ಚರ್ಚಿಗೆ ಬರುವುದಿಲ್ಲ.”

ಬೈಯುತ್ತಾರೆ ಅಂದುಕೊಂಡಿದ್ದೆ. “ಬರಬೇಡ ಮಗಾ,” ಎಂದರು. “ನಾನು ನಿನ್ನ ಮನೆಗೆ ಬರ್ತೇನೆ.”

ನಾನು ಅತ್ತೆ. ಒಂಬತ್ತು ದಿನಗಳಲ್ಲಿ ಮೊದಲ ಸಲ. ಸಮಾಧಾನ ಹೇಳಲು ಅವರು ಅವಸರ ಮಾಡಲಿಲ್ಲ. ಒಂದು ಗಂಟೆ ದಾಟಿರಬೇಕು, ಪುಸ್ತಕ ಬಿಚ್ಚಿದರು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ, ತುಳುವಿನಲ್ಲಿ, ಅವರ ಅಜ್ಜಿಯದು. ತುಳುವಿನಲ್ಲಿ ಹೊಸ ಒಡಂಬಡಿಕೆ ಪೂರ್ತಿಯಾಗಿ ಅಚ್ಚಾದದ್ದು 1847ರಲ್ಲಿ, ಕನ್ನಡ ಅಕ್ಷರದಲ್ಲಿ. ಇದು ಎಷ್ಟೋ ಆಮೇಲಿನ ಪ್ರತಿ, ಆದರೂ ಹಾಳೆಗಳು ಹಪ್ಪಳದ ಹಾಗಾಗಿವೆ. ಚರ್ಚಿನಲ್ಲಿ ಕೇಳಿ ಬೆಳೆದದ್ದೆಲ್ಲ ಕನ್ನಡ ಸತ್ಯವೇದವನ್ನೇ. ಅಮ್ಮ ಊಟಕ್ಕೆ ಕರೆಯುವ ಭಾಷೆಯಲ್ಲಿ ಅದೇ ಮಾತು ಕೇಳಿದಾಗ ತಡೆಯುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಮತ್ತಾಯನ ಸುವಾರ್ತೆಯ 14ನೆಯ ಅಧ್ಯಾಯ ಓದಿದರು. ಯೇಸುವಿನ ಕಡೆಗೆ ನೀರ ಮೇಲೆ ನಡೆದು ಬಂದ ಶಿಷ್ಯ ಪೇತ್ರ ಗಾಳಿ ಕಂಡು ಹೆದರಿ ಮುಳುಗಲು ಶುರುವಾಗುವ ಜಾಗ.

ಓದಿ, ಸಂಡೇಸ್ಕೂಲಿನಲ್ಲಿ ಕೇಳುತ್ತಿದ್ದ ಹಾಗೆಯೇ ಪ್ರಶ್ನೆ ಕೇಳಿದರು. “ಮುಳುಗುವಾಗ ಪೇತ್ರ ಎಷ್ಟು ಉದ್ದದ ಪ್ರಾರ್ಥನೆ ಮಾಡಿದ?”

“ಕಾಪಾಡು ಅಂದ, ಅಷ್ಟೇ.”

“ಕೈ ಚಾಚಿದ್ದು ಯಾರು?”

ಉತ್ತರ ಬಾಯಿಗೆ ಬಂತು, ಹೇಳಲಾಗಲಿಲ್ಲ. ನನ್ನ ಲೆಕ್ಕವೆಲ್ಲ ಅಲ್ಲಿಗೆ ನಿಂತಿತು. ಪೇತ್ರನಿಗೆ ಸಂಶಯ ಯಾಕೆ ಎಂದು ಯೇಸು ಕೇಳಿದ್ದು ನಿಜ. ಆದರೆ ಕೇಳಿದ್ದು ಕೈ ಹಿಡಿದ ಮೇಲೆ. ನಂಬಿಕೆ ಎಷ್ಟಿದೆ ಎಂದು ತೂಗಿ ನೋಡಿ ಆಮೇಲೆ ಹಿಡಿದದ್ದಲ್ಲ. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು, ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಎನ್ನುತ್ತಾನೆ. ಮರುವಚನದಲ್ಲೇ ತಂದೆಯ ಕೈಯೂ ಬರುತ್ತದೆ. ಸಣ್ಣವಳಿದ್ದಾಗ ಬಾಯಿಪಾಠ ಮಾಡಿ ಬಹುಮಾನ ಪಡೆದ ವಚನ ಅದು. ಆ ಕೈಯೊಳಗೆ ನಾನೂ ಇದ್ದೇನೆ ಎಂದು ಗೊತ್ತಾದದ್ದು ಆ ಬೆಂಚಿನ ಮೇಲೆ.

ಬೆಳಿಗ್ಗೆ ಐದೂವರೆಗೆ ಡಾಕ್ಟರು ಬಾಗಿಲು ತೆರೆದು, ಉಳಿದ ಎನ್ನುವಂತೆ ತಲೆಯಾಡಿಸಿದರು. ಟೀಚರ್ ಕೊಡೆ ಹುಡುಕಿಕೊಂಡು ಮೊದಲ ಬಸ್ಸಿಗೆ ಹೋದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಸಾಕ್ಷಿಯಾಗುತ್ತಿತ್ತು. ಆದರೆ ಎದುರಿನ ಬೆಂಚಿನಲ್ಲಿ ಮಲ್ಪೆಯ ಒಬ್ಬ ತಾಯಿ ಇದ್ದರು, ಮೀನುಗಾರರ ಮನೆಯವರು. ಅವರ ಮಗನಿಗೆ ಮರುದಿನ ಬೆಳಗಾಗಲಿಲ್ಲ. ನನ್ನ ತಮ್ಮ ಉಳಿದ, ಅವರ ಮಗ ಉಳಿಯಲಿಲ್ಲ. ನಾನು ಹೆಚ್ಚು ಬೇಡಿದೆ, ಅವರು ಕಡಿಮೆ ಬೇಡಿದರು ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ತಾಯಿ ರಾತ್ರಿಯಿಡೀ ದೇವರನ್ನು ಕರೆದದ್ದನ್ನು ಕೇಳಿದವಳು ನಾನು.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಎರಡು ಸಲ ಮಲ್ಪೆಗೆ ಹೋಗಿದ್ದೆ. ಮೊದಲ ಸಲ ಅವರು ನೇರವಾಗಿ ಕೇಳಿದರು, ನಿನ್ನ ದೇವರು ನನ್ನ ಮಗನನ್ನು ಯಾಕೆ ನೋಡಲಿಲ್ಲ? ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಜೊತೆಗೆ ಕೂತೆ, ಚಾ ಕುಡಿದೆ, ಬಂದೆ. ಎರಡನೆಯ ಸಲ ಅವರೇ ಮಾತು ತೆಗೆದರು. “ಆ ರಾತ್ರಿ ಅಜ್ಜಿ ತುಳುವಿನಲ್ಲಿ ಓದಿದ್ದು ಏನು? ಗಾಳಿ ಅಂತ ಕೇಳಿಸಿತು.” ಪೇತ್ರನ ಕಥೆ ಹೇಳಿದೆ. ಆ ಕೈಯನ್ನು ನಾನು ನಂಬುತ್ತೇನೆ ಎಂದೂ ಹೇಳಿದೆ. ನಡುಗದೆ, ಒತ್ತಾಯವಿಲ್ಲದೆ ನನ್ನ ನಂಬಿಕೆಯನ್ನು ಇನ್ನೊಬ್ಬರ ಮುಂದಿಟ್ಟದ್ದು ಅದೇ ಮೊದಲ ಸಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಡಲಿಗೆ ಹೋಗುವವನಿಗೆ ಗಾಳಿಯ ಹೆದರಿಕೆ ಇರಲೇಬೇಕು, ಅದು ತಪ್ಪಲ್ಲ,” ಎಂದರು. ಆಮೇಲೆ, ಓದಿದ್ದನ್ನು ಇನ್ನೊಮ್ಮೆ ಕೇಳಬೇಕಿತ್ತು, ಆ ಅಜ್ಜಿಯ ಬಾಯಲ್ಲೇ, ಎಂದರು.

ಟೀಚರಿಗೆ ಹೇಳಿದ್ದೇನೆ. ಬರುವ ಶನಿವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಇಬ್ಬರೂ ಹೋಗುತ್ತಿದ್ದೇವೆ. ಪುಸ್ತಕ ಅವರ ಹತ್ತಿರ ಇರುತ್ತದೆ, ಗಂಜಿಯ ಫ್ಲಾಸ್ಕು ಈ ಸಲ ನನ್ನ ಹತ್ತಿರ.