ಕೆಎ 34 ಅಂದ ಕೂಡಲೇ ರೇಟು ಇಳಿಯಬೇಕಾ?

ಸಂಪಾದಕರೇ,

ಹೋದ ತಿಂಗಳು ನಮ್ಮ ಮನೆಯ ವ್ಯಾಗನ್ ಆರ್ ಮಾರೋಣ ಅಂತ ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದೆ. 2017ರ ಪೆಟ್ರೋಲ್ ಗಾಡಿ, ಒಬ್ಬರೇ ಓನರ್, ಓಡಿದ್ದು 58 ಸಾವಿರ ಕಿ.ಮೀ. ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿಯೊಬ್ಬರು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ನಂಬರ್ ಪ್ಲೇಟ್ ನೋಡಿ, 'ಬಳ್ಳಾರಿ ಗಾಡಿನಾ? ಮೈನ್ಸ್ ಧೂಳು ಕುಡಿದಿರುತ್ತೆ ಬಿಡಿ' ಅಂದರು. ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ಅದರ ಕೆಳಗೆ ಬೆರಳು ಒರೆಸಿ ತೋರಿಸಿದರು. ಬೆರಳ ತುದಿ ಕುಂಕುಮ ಮುಟ್ಟಿದ ಹಾಗೆ ಕೆಂಪು.

ಸುಳ್ಳು ಯಾಕೆ ಹೇಳಲಿ, ಸಂಡೂರಿನಲ್ಲಿ ಅಕ್ಕನ ಮನೆ ಇದೆ, ಅದಿರು ಲಾರಿಗಳ ಹಿಂದೆ ಎಷ್ಟೋ ಸಲ ಹೋಗಿದ್ದೇವೆ. ಅದಕ್ಕೇ ಪ್ರತಿ ಸರ್ವೀಸಿಗೂ ಏರ್ ಫಿಲ್ಟರ್ ಬದಲಿಸಿ ಒಂದೊಂದು ಬಿಲ್ಲನ್ನೂ ಫೈಲಿನಲ್ಲಿ ಇಟ್ಟಿದ್ದೆ. ಆ ಫೈಲನ್ನು ಅವರು ಕೈಯಲ್ಲೂ ಮುಟ್ಟಲಿಲ್ಲ. ಧೂಳಿಗೆ 25 ಸಾವಿರ ಕಟ್!

ಅದಾದ ಮೇಲೆ ಜಿಎಸ್‌ಟಿ ಕಥೆ. 'ಹಳೇ ಕಾರಿಗೂ 18 ಪರ್ಸೆಂಟ್ ಬಂದಿದೆ ಸಾರ್, ನಿಮ್ಮ ರೇಟಿನಲ್ಲೇ ಮುರಿದುಕೊಳ್ಳಬೇಕು.' ನನಗೆ ಸಿಟ್ಟು ಬಂದಿದ್ದು ಇದಕ್ಕೆ. 2025ರ ಜನವರಿಯಲ್ಲಿ ಇಂಥ ಸಣ್ಣ ಕಾರುಗಳಿಗೆ 12 ಇದ್ದದ್ದು 18 ಆಗಿರುವುದು ನಿಜ, ಆದರೆ ಅದು ವ್ಯಾಪಾರಿಗೆ ಉಳಿಯುವ ಮಾರ್ಜಿನ್ ಮೇಲೆ ಮಾತ್ರ. 3 ಲಕ್ಷಕ್ಕೆ ಕೊಂಡು 3.40 ಲಕ್ಷಕ್ಕೆ ಮಾರಿದರೆ ತೆರಿಗೆ ಬೀಳುವುದು ನಡುವಿನ 40 ಸಾವಿರಕ್ಕೆ, ಅಂದರೆ 7,200 ರೂಪಾಯಿ. ಇವರು ಪೂರ್ತಿ 3 ಲಕ್ಷಕ್ಕೆ ಲೆಕ್ಕ ಹಾಕಿ 54 ಸಾವಿರ ಅಂತ ಹೆದರಿಸುತ್ತಾರೆ. ಇನ್ನು ನಮ್ಮಂಥವರು ಸ್ವಂತ ಕಾರನ್ನು ಪಕ್ಕದ ಮನೆಯವರಿಗೆ ಮಾರಿದರೆ ಜಿಎಸ್‌ಟಿ ಇಲ್ಲವೇ ಇಲ್ಲ. ಇದನ್ನು ಪ್ರತಿ ಕಾರ್ ಅಂಗಡಿಯಲ್ಲೂ ಬೋರ್ಡ್ ಬರೆದು ಹಾಕಿಸಬೇಕು, ತೆರಿಗೆ ಇಲಾಖೆಗೆ ಅಷ್ಟೂ ಆಗಲ್ವಾ?

ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದೇ ಅಗ್ಗವಾದ ಮೇಲೆ ಹಳೇದಕ್ಕೆ ಮೊದಲಿನ ರೇಟು ಯಾರು ಕೊಡುತ್ತಾರೆ? ಅಷ್ಟು ಇಳಿಸಿ ಕೇಳಿದ್ದರೆ ನಾನು ಸುಮ್ನೆ ಒಪ್ಪುತ್ತಿದ್ದೆ.

ಡೀಸೆಲ್ಲೂ ಅಲ್ಲದ ಗಾಡಿ, ಪೆಟ್ರೋಲಿಗೆ ದುಡ್ಡು ದಂಡ ಮಾಡಿಕೊಂಡು ವಾಪಸ್ ಬಂದೆ. ಕೊನೆಗೆ ತೋರಣಗಲ್ಲಿನ ಮೇಷ್ಟ್ರೊಬ್ಬರು ಕೊಂಡರು. ಬಿಲ್ಲುಗಳನ್ನು ಕಟ್ಟೆ ಮೇಲೆ ಹರಡಿಕೊಂಡು ಒಂದೊಂದೇ ಓದಿದರು. ಸ್ಟೆಪ್ನಿಯನ್ನು ಅವರೂ ಎತ್ತಿದರು, ನೋಡಿದರು, ಹಾಗೇ ಇಟ್ಟರು. ಅವರ ಅಂಗಳದಲ್ಲೂ ಅದೇ ಧೂಳು ಅಲ್ವಾ. ಬೆಂಗಳೂರಿನ ರೇಟಿಗಿಂತ 40 ಸಾವಿರ ಜಾಸ್ತಿ ಬಂತು.

– ಒಬ್ಬ ಓದುಗ, ಗಾಂಧಿನಗರ, ಬಳ್ಳಾರಿ