ನನ್ನ ಹೆಸರು ಕೊನೆಗೆ ಬಂದದ್ದಕ್ಕೆ

ಓಬರ್‌ವೋಲ್ಫಾಖ್, ಜರ್ಮನಿ
ಬುಧವಾರ

ತೀರ್ಥರೂಪ ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರಗಳು. ನಾನು ಕ್ಷೇಮ. ಅಲ್ಲಿ ಮಳೆ ಹಿಡಿದಿದೆಯೆಂದು ಮಾಣಿ ಹೇಳಿದ.

ಅಪ್ಪಯ್ಯ, ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಿಮ್ಮ ಮೇಲಲ್ಲ. ನನ್ನ ಮದುವೆಯ ಮಾತು ನಡೆಸಿರುವ ಬ್ರಹ್ಮಾವರದ ಐತಾಳರು ಇಂಟರ್‌ನೆಟ್ಟಿನಲ್ಲಿ ನನ್ನ ಗಣಿತದ ಪ್ರಬಂಧ ಹುಡುಕಿದರಂತೆ, ಮೂರು ಹೆಸರುಗಳಲ್ಲಿ ನನ್ನದು ಕಟ್ಟಕಡೆಗೆ ಇದೆಯಂತೆ, "ಹುಡುಗಿ ಅಲ್ಲಿ ಬರೀ ಸಹಾಯಕಿ ಇರಬೇಕು" ಎಂದರಂತೆ. ದೊಡ್ಡಪ್ಪ ಅದನ್ನು ಕೇಳಿಕೊಂಡು ಕಾಫಿ ಕುಡಿದು ಸುಮ್ಮನೆ ಎದ್ದು ಬಂದರೇ?

ಶುದ್ಧ ಗಣಿತದಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹಾಕುತ್ತಾರೆ. ಉಡುಪರ ಮನೆಯಲ್ಲಿ ಹುಟ್ಟಿದವಳು ಹಿಂದೆಯೇ ನಿಲ್ಲಬೇಕು. ಜಂಟಿ ಕೆಲಸದಲ್ಲಿ ಯಾರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು ಎಂದು ಅಮೆರಿಕದ ಗಣಿತ ಸಂಘ 2004ರಲ್ಲಿ ಬರೆದೇ ಇಟ್ಟಿದೆ. 1918ರ ಆ ಪ್ರಸಿದ್ಧ ಪ್ರಬಂಧದಲ್ಲಿಯೂ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮೊದಲು, ರಾಮಾನುಜನ್ ಆಮೇಲೆ. ರಾಮಾನುಜನ್ ಕೂಡ ಸಹಾಯಕರೇ ಎಂದು ಐತಾಳರನ್ನು ಕೇಳಿ. ಹಾರ್ಡಿಗೂ ಅವರ ಜೊತೆಗಾರ ಲಿಟಲ್‌ವುಡ್‌ಗೂ ನಡುವೆ ಇನ್ನೊಂದು ಕರಾರಿತ್ತಂತೆ: ಒಬ್ಬರು ಏನೂ ಮಾಡದಿದ್ದರೂ ಪ್ರಬಂಧ ಇಬ್ಬರ ಹೆಸರಿನಲ್ಲೇ ಬರಬಹುದು. ಇದನ್ನು ಮಾತ್ರ ಐತಾಳರ ಕಿವಿಗೆ ಹಾಕಬೇಡಿ.

ನಿಜ ಹೇಳಬೇಕೆಂದರೆ ನಮ್ಮ ಪ್ರಬಂಧದ ಮೂರನೆಯ ವಿಭಾಗ ನನ್ನದೇ ಎಂದು ಜಂಬ ಕೊಚ್ಚಿಕೊಳ್ಳುವ ಆಸೆ ನನಗೂ ಇದೆ. ಆದರೆ ಹಲಗೆಯ ಮೇಲೆ ನಾನು ಬರೆದ ಸಾಲಿನ ಅರ್ಧವನ್ನು ಒಬ್ಬರು ಅಂಗೈಯಿಂದಲೇ ಒರೆಸಿ ಚಿಹ್ನೆ ತಿರುಗಿಸಿದರು, ಇನ್ನೊಬ್ಬರು ನಡುವೆ ಹೊಸದೊಂದು ಪದ ತೂರಿಸಿದರು. ಆಮೇಲೆ ಅದು ಯಾರದೆಂದು ಹೇಳುವುದು?

ಅಮ್ಮ, "ಜೊತೆಗಿರುವ ಇಬ್ಬರು ಗಂಡಸರು ಯಾರು" ಎಂದು ಕೇಳಿದ್ದೀಯ. ಒಬ್ಬರು ಜಪಾನಿನ ಕ್ಯೋಟೋದ ಹೆಂಗಸು, ಎರಡು ಮಕ್ಕಳ ತಾಯಿ. ನನಗೆ ಬೆಳಗಾದಾಗ ಅವರಿಗೆ ಸಂಜೆ, ಹಾಗಾಗಿ ಹೆಚ್ಚಿನ ಮಾತೆಲ್ಲ ಕಂಪ್ಯೂಟರಿನಲ್ಲಿ, ಮಕ್ಕಳ ಗಲಾಟೆಯ ನಡುವೆ. ಇನ್ನೊಬ್ಬರು ಗಂಡಸೇ, ಮೊಮ್ಮಕ್ಕಳಿರುವ ಅಜ್ಜ. ಸಾಕಲ್ಲ?

ಈ ವಾರ ಮೂವರೂ ಒಂದೇ ಕಡೆ ಸೇರಿದ್ದೇವೆ. ಇದು ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡಿನೊಳಗಿನ ಗಣಿತ ಸಂಸ್ಥೆ, 1944ರಲ್ಲಿ ಶುರುವಾದದ್ದು. ವಾರಕ್ಕೊಂದು ವಿಷಯ, ದೇಶದೇಶಗಳ ಜನ. ಊಟದ ಹೊತ್ತಿಗೆ ಪ್ರತಿಯೊಬ್ಬರ ಹೆಸರಿರುವ ಕರವಸ್ತ್ರದ ಚೀಲವನ್ನು ಯಾವುದೋ ಮೇಜಿನಲ್ಲಿ ಇಟ್ಟಿರುತ್ತಾರೆ, ಅಲ್ಲಿಯೇ ಕೂರಬೇಕು. ನಿನ್ನೆ ನನ್ನ ಎಡಕ್ಕೆ ಕೂತವರ ಪ್ರಮೇಯವನ್ನು ನಾನು ಎಂ.ಎಸ್ಸಿ.ಯಲ್ಲಿ ಉರುಹೊಡೆದಿದ್ದೆ; ಅವರು ನನಗೆ ಉಪ್ಪು ದಾಟಿಸಿದರು. ನಮ್ಮ ಊರಿನ ಪಂಕ್ತಿಗಳಲ್ಲಿ ಹೀಗೆ ಚೀಟಿ ಎತ್ತಿ ಎಲೆ ಹಾಕಿದರೆ ಏನೇನಾದೀತು, ಯೋಚಿಸಿ! ಸಸ್ಯಾಹಾರ ಸಿಗುತ್ತದೆ, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ.

ಐತಾಳರಿಗೆ ಇಷ್ಟು ಹೇಳಿ: ಸಂಬಳ ತಿಂಗಳು ತಿಂಗಳಿಗೆ ಬರುತ್ತದೆ, ಕೆಲಸ ಗಟ್ಟಿ, ಆರೋಗ್ಯ ಇನ್ನೂ ಗಟ್ಟಿ. ಮದುವೆ ಬೇಡವೆಂದು ನಾನು ಎಂದೂ ಹೇಳಿಲ್ಲ. ಜನವರಿಯಲ್ಲಿ ಬರುತ್ತೇನೆ, ಹುಡುಗ ನನ್ನನ್ನೇ ಕೇಳಲಿ, ಪ್ರಬಂಧವನ್ನಲ್ಲ. ಐತಾಳ ಎಂದು ಹೆಸರು ಬದಲಿಸಿಕೊಂಡರೆ ಎಲ್ಲರಿಗಿಂತ ಮೊದಲು ಬರುತ್ತೀಯ ಎಂದು ಮಾಣಿ ಗೇಲಿ ಮಾಡುತ್ತಾನೆ. ಬದಲಿಸುವುದಿಲ್ಲ, ಅದನ್ನೂ ಈಗಲೇ ತಿಳಿಸಿಬಿಡಿ.

ಬುಧವಾರ ಮಧ್ಯಾಹ್ನ ಎಲ್ಲರೂ ಗುಡ್ಡ ಹತ್ತಿ ಕೇಕ್ ತಿಂದು ಬರುವುದು ಇಲ್ಲಿಯ ಸಂಪ್ರದಾಯ. ಅದರಲ್ಲಿ ಚೆರ್ರಿಯ ಮದ್ಯ ಇರುತ್ತದಂತೆ; ಹೆದರಬೇಡ ಅಮ್ಮ, ಮೇಲಿನ ಹಣ್ಣು ಮಾತ್ರ ತಿನ್ನುತ್ತೇನೆ. ಅಜ್ಜ ಆಗಲೇ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. ಅಪ್ಪಯ್ಯ, ಬಿಪಿ ಮಾತ್ರೆ ತಪ್ಪಿಸಬೇಡಿ. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು,
ಸುಧಾ